ಬೆಟ್ಟವೂ ಬೇಕು, ಕೆರೆಯೂ ಬೇಕು: ನಂದಿ ಮತ್ತು ಗುಡಿಬಂಡೆಗೆ ಬರುವವರಿಗೆ ಸ್ಥಳೀಯರ ಸಲಹೆಗಳು

ತುಮಕೂರಿನ ಓದುಗ

ಚಿಕ್ಕಬಳ್ಳಾಪುರ ಜಿಲ್ಲೆಯ ಬಂಧುಗಳಿಗೆ ನಮಸ್ಕಾರ. ಈ ವರ್ಷದ ಕಾರ್ತಿಕ ಮಾಸದಲ್ಲಿ ತಂದೆತಾಯಿಯರನ್ನೂ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳನ್ನೂ ಕರೆದುಕೊಂಡು ಎರಡು ದಿನಗಳ ಮಟ್ಟಿಗೆ ನಿಮ್ಮ ಕಡೆಗೆ ಬರಬೇಕೆಂದಿದ್ದೇವೆ. ಮಗಳಿಗೆ ಬೆಟ್ಟ ಹತ್ತುವ ಆಸೆ. ತಂದೆಯವರಿಗೆ ಮಂಡಿನೋವು ಇರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ತಾಯಿಯವರಿಗಂತೂ ತುಂಬಿದ ಕೆರೆಯೊಂದರ ಏರಿಯ ಮೇಲೆ ಕುಳಿತುಕೊಳ್ಳುವ ಅವಕಾಶ ಸಿಕ್ಕರೆ ಸಾಕು. ನಮಗೆ ದೇವರಾಯನದುರ್ಗ ಹತ್ತಿರದಲ್ಲೇ ಇದೆ, ಮಧುಗಿರಿಯೂ ಪರಿಚಿತ. ನಂದಿಯೊಂದನ್ನೇ ನೋಡಿ ಬಂದರೆ ಸಾಕೇ, ಅಥವಾ ಗುಡಿಬಂಡೆಗೂ ಹೋಗಬೇಕೇ? ಎಲ್ಲಿ ತಂಗಬೇಕು, ಯಾವ ದಾರಿಯಲ್ಲಿ ಬರಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಅಲ್ಲಿಯೇ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಗುಡಿಬಂಡೆಯ ನಿವೃತ್ತ ಶಿಕ್ಷಕಿ

ನಿಮ್ಮ ತಾಯಿಯವರ ಅಪೇಕ್ಷೆಯನ್ನು ಓದಿ ಸಂತೋಷವಾಯಿತು, ಏಕೆಂದರೆ ನಮ್ಮ ಊರಿಗೆ ಬರುವವರಲ್ಲಿ ಬಹುಪಾಲು ಜನ ಬೆಟ್ಟದ ತುದಿಗೆ ಓಡಿ, ಕೆರೆಯನ್ನು ಮೇಲಿನಿಂದ ಮೊಬೈಲಿನಲ್ಲಿ ಸೆರೆಹಿಡಿದು, ಅದರ ಏರಿಯ ಮೇಲೆ ಕಾಲಿಡದೆಯೇ ಹಿಂತಿರುಗುತ್ತಾರೆ. ಬೆಟ್ಟ ಮತ್ತು ಕೆರೆ ಎರಡನ್ನೂ ಒಂದೇ ನೀರಿನ ವ್ಯವಸ್ಥೆಯೆಂದು ಭಾವಿಸಿ ನೋಡಿದವರಿಗೆ ಮಾತ್ರ ಈ ಊರು ಅರ್ಥವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಗುಡಿಬಂಡೆಗೆ ಬನ್ನಿ, ಮತ್ತು ಅರ್ಧ ದಿನಕ್ಕಿಂತ ಕಡಿಮೆ ಸಮಯ ಇಟ್ಟುಕೊಂಡು ಬರಬೇಡಿ.

ನಮ್ಮ ಕೋಟೆಯನ್ನು ಪಾಳೆಯಗಾರ ಬೈರೇಗೌಡನು ಕಟ್ಟಿಸಿದನು. ಜನರ ಬಾಯಲ್ಲಿ ಅವನು ಹಾವಳಿ ಬೈರೇಗೌಡ. ಸುಮಾರು 400 ವರ್ಷಗಳಷ್ಟು ಹಳೆಯದಾದ ಈ ಏಳು ಸುತ್ತಿನ ಕೋಟೆಗೆ ನಿಮ್ಮ ಜಿಲ್ಲೆಯ ಮಧುಗಿರಿ ಕೋಟೆಯೇ ಮಾದರಿಯೆಂದು ಹೇಳುತ್ತಾರೆ. ಮಧುಗಿರಿಯನ್ನು ಕಂಡವರು ಇಲ್ಲಿ ಬಾಗಿಲಿನಿಂದ ಬಾಗಿಲಿಗೆ ದಾರಿ ತಿರುಗುವ ಕ್ರಮವನ್ನು ಕೂಡಲೇ ಗುರುತಿಸುತ್ತಾರೆ. ಎತ್ತರದಲ್ಲಿ ನಮ್ಮದು ಚಿಕ್ಕದು. ಕೆಲವು ಕಡೆ ಕಲ್ಲಿನ ಮೆಟ್ಟಿಲುಗಳಿವೆ, ಕೆಲವು ಕಡೆ ಬಂಡೆಯಲ್ಲೇ ಕಡಿದ ಹೆಜ್ಜೆಗಳಿವೆ. ಆರೋಗ್ಯವಂತರಾದ ಮಕ್ಕಳಿಗೆ ಕಷ್ಟವಾಗುವಂಥದ್ದೇನೂ ಅಲ್ಲ. ಮಗಳು ಹತ್ತುವಾಗ ಬಂಡೆಯ ನಡುವೆ ಇರುವ ದೊಣೆಗಳನ್ನು ಗಮನಿಸುವಂತೆ ಹೇಳಿ. ಬೆಟ್ಟದ ಮೇಲೆ ಮಳೆನೀರನ್ನು ಹಿಡಿದಿಡಲೆಂದು 19 ದೊಣೆಗಳಿವೆ. ಕೋಟೆಯೊಳಗೆ ಸೈನ್ಯ ಮುತ್ತಿಗೆಯನ್ನು ತಾಳಿಕೊಂಡು ಬದುಕಬೇಕಾದರೆ ಆಹಾರದಷ್ಟೇ ನೀರೂ ಮುಖ್ಯ. ಬಂಡೆಯ ಇಳಿಜಾರಿನಲ್ಲಿ ಜಾರಿ ಬರುವ ಪ್ರತಿಯೊಂದು ಹನಿಯೂ ಒಂದಲ್ಲ ಒಂದು ದೊಣೆಯನ್ನು ಸೇರಲಿ ಎಂಬ ಲೆಕ್ಕಾಚಾರ ಅಲ್ಲಿ ಕಣ್ಣಿಗೆ ಕಾಣುತ್ತದೆ. ದೊಣೆಗಳು ಆಳವಾಗಿವೆ, ಅಂಚು ಪಾಚಿಗಟ್ಟಿ ಜಾರುತ್ತದೆ. ದಯವಿಟ್ಟು ಯಾರೂ ಅದರೊಳಗೆ ಇಳಿಯಬೇಡಿ.

ತುದಿಯಲ್ಲಿ ಶಿವನ ಗುಡಿಯಿದೆ. ಅಲ್ಲಿಂದ ಕೆಳಗೆ ನೋಡಿದರೆ ಅಮಾನಿ ಬೈರಸಾಗರ ಕೆರೆ ಭಾರತದ ಭೂಪಟದ ಆಕಾರದಲ್ಲಿ ಹರಡಿಕೊಂಡಿರುವುದು ಕಾಣಿಸುತ್ತದೆ. ನೀರು ಚೆನ್ನಾಗಿ ತುಂಬಿರುವಾಗ ಮಾತ್ರ ಈ ಆಕಾರ ಸ್ಪಷ್ಟವಾಗಿರುತ್ತದೆ; ಬೇಸಿಗೆಯಲ್ಲಿ ಬಂದು ನಿರಾಶರಾದವರನ್ನು ನಾನು ಕಂಡಿದ್ದೇನೆ. ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಅದೇ ಹೆಚ್ಚು, ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಹೀಗಾಗಿ ನೀವು ಆರಿಸಿಕೊಂಡಿರುವ ಕಾರ್ತಿಕ ಮಾಸ ಸರಿಯಾದ ಕಾಲ.

ಕೆಳಗಿಳಿದ ಮೇಲೆ ಕೆರೆ ಏರಿಗೆ ಹೋಗಿ. ತಾಯಿಯವರೂ ತಂದೆಯವರೂ ಮೊದಲೇ ಅಲ್ಲಿಗೆ ಹೋಗಿ ಕುಳಿತಿರಬಹುದು. ಹೊಲಗಳಿಗೆ ನೀರು ಬಿಡುವ ತೂಬು ಎಲ್ಲಿದೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಎಲ್ಲಿದೆ, ಕೆರೆಯ ನೀರುಣ್ಣುವ ಅಚ್ಚುಕಟ್ಟು ಯಾವ ಕಡೆಗಿದೆ ಎಂಬುದನ್ನು ಹುಡುಗಿಗೆ ತೋರಿಸಿ. ಬೆಟ್ಟದ ಮೇಲೆ ದೊಣೆಗಳನ್ನು ಮಾಡಿದ ಬುದ್ಧಿಯೇ ಕೆಳಗೆ ಕೆರೆಯನ್ನೂ ಕಟ್ಟಿದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವಂತೆ ನಮ್ಮ ಹಿರಿಯರು ಸರಣಿಯಾಗಿ ಕೆರೆಗಳನ್ನು ಕಟ್ಟಿದ್ದರಿಂದಲೇ, ಜೀವನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಬೇಸಾಯ ಉಳಿಯಿತು. 2021ರ ಮಳೆಗಾಲದ ಕೊನೆಯಲ್ಲಿ ಜಿಲ್ಲೆಯ ಅನೇಕ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದಾಗ ಊರೂರುಗಳಲ್ಲಿ ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಅರ್ಪಿಸಿದರು. ಆ ಸಂಭ್ರಮವನ್ನು ನೋಡದವರಿಗೆ ಕೆರೆಯೆಂದರೆ ನಮ್ಮವರಿಗೆ ಏನೆಂಬುದನ್ನು ವಿವರಿಸುವುದು ಸುಲಭವಲ್ಲ.

ಬೆಟ್ಟದ ಮೇಲೆ ಅಂಗಡಿಯಿಲ್ಲ, ನೆರಳೂ ಕಡಿಮೆ. ಬಿಸಿಲೇರುವ ಮೊದಲೇ ಹತ್ತಿ ಇಳಿಯಿರಿ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ, ಖಾಲಿ ಬಾಟಲಿಯನ್ನು ಮರಳಿ ತನ್ನಿರಿ.

ನಂದಿ ತಪ್ಪಲಿನ ದ್ರಾಕ್ಷಿ ಬೆಳೆಗಾರ

ಮೇಡಂ ಅವರು ಗುಡಿಬಂಡೆಯ ಬಗ್ಗೆ ಬರೆದಿರುವುದು ಸರಿಯಾಗಿದೆ. ನಂದಿಯ ಬಗ್ಗೆ ನಾನು ಬರೆಯುತ್ತೇನೆ. ತುಮಕೂರಿನ ಸರ್ ಅವರೇ, ನೀವು ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೂಲಕ ಬರುವುದಾದರೆ ಬೆಂಗಳೂರನ್ನು ಮುಟ್ಟುವ ಅಗತ್ಯವೇ ಇಲ್ಲ. ಮೊದಲ ದಿನ ನಂದಿ, ಎರಡನೆಯ ದಿನ ಗುಡಿಬಂಡೆ ಎಂದು ಇಟ್ಟುಕೊಳ್ಳಿ.

ನಂದಿಗೆ ಬರುವವರಿಗೆ ನನ್ನ ಮೊದಲ ವಿನಂತಿ: ವಾರದ ದಿನಗಳಲ್ಲಿ ಬನ್ನಿ. ಶನಿವಾರ ಮತ್ತು ಭಾನುವಾರದ ಮುಂಜಾನೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ನಸುಕಿಗೂ ಮೊದಲೇ ಹೊರಟು ಬರುವ ವಾಹನಗಳು ತಪ್ಪಲಿನ ಹಳ್ಳಿಗಳ ರಸ್ತೆಗಳಲ್ಲಿ ಸಾಲುಗಟ್ಟುತ್ತವೆ. ಹೂವು ಮತ್ತು ತರಕಾರಿಯನ್ನು ಮಾರುಕಟ್ಟೆಗೆ ಸಾಗಿಸುವ ನಮ್ಮ ಗಾಡಿಗಳೂ ಅದೇ ಹೊತ್ತಿಗೆ ಹೊರಡುವುದರಿಂದ, ಒಂದು ಗಂಟೆ ತಡವಾದರೆ ನಮಗೆ ಸಿಗುವ ದರವೇ ಬೇರೆಯಾಗುತ್ತದೆ. ಬಾಗಿಲು ತೆರೆಯುವ ಹೊತ್ತು, ವಾರಾಂತ್ಯದ ವಾಹನ ನಿರ್ಬಂಧ, ಹೊಸ ವರ್ಷದ ಹಿಂದಿನ ರಾತ್ರಿಯ ನಿಷೇಧ ಇವೆಲ್ಲ ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ. ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಳ್ಳಿ. ಜೋರು ಮಳೆಯ ಮರುದಿನ ಬೆಟ್ಟದ ರಸ್ತೆಯ ಸ್ಥಿತಿಯನ್ನೂ ವಿಚಾರಿಸಿ. 2021ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿದವು.

ಎರಡನೆಯ ವಿನಂತಿಯೆಂದರೆ, ಬೆಟ್ಟವನ್ನು ಹತ್ತುವ ಮೊದಲು ನಂದಿ ಗ್ರಾಮದಲ್ಲಿ ಇಳಿಯಿರಿ. ಭೋಗನಂದೀಶ್ವರ ದೇವಾಲಯವು ಸಮತಟ್ಟಾದ ನೆಲದಲ್ಲಿದೆ, ನಿಮ್ಮ ತಂದೆಯವರು ನಿಧಾನವಾಗಿ ಒಂದು ಸುತ್ತು ಬರಬಹುದು. 9ನೆಯ ಶತಮಾನದ ಆರಂಭದಲ್ಲಿಯೇ ಇಲ್ಲಿನ ಗುಡಿಯ ಉಲ್ಲೇಖ ಶಾಸನಗಳಲ್ಲಿ ದೊರೆಯುತ್ತದೆ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಹೀಗೆ ಒಬ್ಬರಾದ ಮೇಲೆ ಒಬ್ಬರು ಸೇರಿಸುತ್ತಾ ಬಂದುದನ್ನು ಒಂದೇ ಪ್ರಾಕಾರದೊಳಗೆ ನೋಡಬಹುದು. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಉಮಾಮಹೇಶ್ವರನ ಮುಂದಿರುವ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಮುಂದೆ ಆತುರಪಡದೆ ನಿಲ್ಲಿ. ಹಿರಿಯರು ಅರುಣಾಚಲೇಶ್ವರನಲ್ಲಿ ಶಿವನ ಬಾಲ್ಯವನ್ನೂ, ಭೋಗನಂದಿಯಲ್ಲಿ ಯೌವನವನ್ನೂ, ಬೆಟ್ಟದ ಮೇಲಿನ ಯೋಗನಂದಿಯಲ್ಲಿ ವೈರಾಗ್ಯವನ್ನೂ ಕಾಣುತ್ತಾರೆ. ಅದಕ್ಕಾಗಿಯೇ ಕೆಳಗಿನಿಂದ ಮೇಲಕ್ಕೆ ಹೋಗುವುದು ಸರಿಯಾದ ಕ್ರಮವೆಂದು ನಮ್ಮ ಮನೆಗಳಲ್ಲಿ ಹೇಳಿಕೊಡುತ್ತಾರೆ. ಪ್ರಾಕಾರದ ಪಕ್ಕದಲ್ಲಿರುವ ಶೃಂಗಿತೀರ್ಥವೆಂಬ ಕಲ್ಯಾಣಿಯನ್ನು ಭಕ್ತರು ಪಿನಾಕಿನಿಯ ಮೂಲವೆಂದು ನಂಬುತ್ತಾರೆ. ಶಿವರಾತ್ರಿಯ ಸಮಯದಲ್ಲಿ ಇಲ್ಲಿ ದೊಡ್ಡ ರಥೋತ್ಸವ ನಡೆಯುತ್ತದೆ. ಆಗ ಜನಸಂದಣಿ ವಿಪರೀತವಾಗಿರುವುದರಿಂದ ಮಂಡಿನೋವಿನವರಿಗೆ ಕಷ್ಟ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಮೇಲಿನವರೆಗೂ ರಸ್ತೆಯಿದೆ, ತಿರುವುಗಳು ಬಹಳ. ಮೇಲೆ ಅಮೃತ ಸರೋವರವೆಂಬ ಮೆಟ್ಟಿಲುಗಳ ಕೊಳವಿದೆ, ಒರತೆಯ ನೀರು. ಸುತ್ತಲೂ ಬರೀ ಬಂಡೆಯಿರುವ ಇಷ್ಟು ಎತ್ತರದಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವುದನ್ನು ನಮ್ಮ ಊರಿನವರು ಇಂದಿಗೂ ದೇವರ ಅನುಗ್ರಹವೆಂದೇ ಹೇಳುತ್ತಾರೆ. ಅರ್ಕಾವತಿ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವುದೂ, ಉತ್ತರ ಪಿನಾಕಿನಿ ಆಂಧ್ರದ ಕಡೆಗೂ ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡೆಗೂ ಹೋಗುವುದೂ ಈ ಬೆಟ್ಟಗಳ ಸಾಲಿನಿಂದಲೇ. ಇಷ್ಟು ಹೊಳೆಗಳು ಹುಟ್ಟುವ ನೆಲದಲ್ಲಿ ನಾವು ಸಾವಿರ ಅಡಿಗಿಂತಲೂ ಆಳಕ್ಕೆ ಕೊಳವೆಬಾವಿ ಕೊರೆಸಿ ದ್ರಾಕ್ಷಿಗೆ ನೀರುಣಿಸುತ್ತಿದ್ದೇವೆ. ಇದನ್ನು ನೆನೆದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ, ಆದ್ದರಿಂದಲೇ ಬರುವವರು ನೀರಿನ ಜಾಗಗಳನ್ನು ಗೌರವದಿಂದ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿಹಾಸದಲ್ಲಿ ಆಸಕ್ತಿಯಿದ್ದರೆ ಮೇಲೆ ನೋಡಲು ಬಹಳವಿದೆ. ಟಿಪ್ಪು ಭದ್ರಪಡಿಸಿದ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರ್ 19ರಂದು ವಶಪಡಿಸಿಕೊಂಡಿತು. ಮುಂದೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿದ. ಅದೇ ಇಂದಿನ ನೆಹರೂ ನಿಲಯ. ಗಾಂಧೀಜಿಯವರು 1927ರಲ್ಲಿ ಆರೋಗ್ಯ ಸುಧಾರಣೆಗೆಂದು ಬಂದು ತಂಗಿದ್ದರು, 1936ರಲ್ಲಿ ಮತ್ತೊಮ್ಮೆ ಬಂದರು. 1986ರ ಸಾರ್ಕ್ ಶೃಂಗಸಭೆಯ ನಾಯಕರೂ ಇಲ್ಲಿ ಸೇರಿದ್ದರು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ತೋರುವುದು ಮಧ್ಯಾಹ್ನದ ನಂತರದ ಹೊತ್ತು: ಬೆಳಗಿನ ಗದ್ದಲ ಕರಗಿ, ಮರಗಳ ಕೆಳಗಿನ ಕಲ್ಲುಬೆಂಚುಗಳು ಖಾಲಿಯಾಗಿ, ಹಿರಿಯರು ನೆಮ್ಮದಿಯಾಗಿ ಕುಳಿತುಕೊಳ್ಳಬಹುದು. ಕೈಯಲ್ಲಿ ತಿಂಡಿಯ ಚೀಲ ಕಾಣುವಂತೆ ಹಿಡಿದುಕೊಳ್ಳಬೇಡಿ, ಕೋತಿಗಳ ಕಾಟವಿದೆ. ಅವುಗಳಿಗೆ ತಿನ್ನಲು ಏನನ್ನೂ ಹಾಕಬೇಡಿ.

ಇಳಿಯುವಾಗ ರಸ್ತೆ ಬದಿಯಲ್ಲಿ ದ್ರಾಕ್ಷಿ, ಸೀಬೆ ಮಾರುವವರು ಸಿಗುತ್ತಾರೆ. ಕಪ್ಪಾದ, ಬೀಜವಿರುವ, ಘಮಘಮಿಸುವ ಬೆಂಗಳೂರು ಬ್ಲೂ ಎಂಬ ದ್ರಾಕ್ಷಿ ನಮ್ಮ ಕಡೆಯ ವಿಶೇಷ, ಅದಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಚಪ್ಪರದಲ್ಲಿ ಹಣ್ಣಿರುವ ಕಾಲವಾದರೆ ತೋಟದ ಬಾಗಿಲಲ್ಲಿ ಕೇಳಿ ಕೊಂಡುಕೊಳ್ಳಿ. ಕೇಳದೆ ಬೇಲಿ ದಾಟಿ ಚಪ್ಪರದೊಳಗೆ ಫೋಟೋ ತೆಗೆಯಲು ಹೋಗುವುದು ಬೇಡ, ಔಷಧಿ ಹೊಡೆದಿರುತ್ತೇವೆ.

ತುಮಕೂರಿನ ಓದುಗ

ಇಬ್ಬರಿಗೂ ಕೃತಜ್ಞತೆಗಳು. ದೇವರಾಯನದುರ್ಗದಲ್ಲಿ ಹುಟ್ಟುವ ನಮ್ಮ ಜಯಮಂಗಲಿಯೂ ಕೊನೆಗೆ ಉತ್ತರ ಪಿನಾಕಿನಿಯನ್ನೇ ಸೇರುತ್ತದೆ ಎಂಬುದನ್ನು ಮಗಳಿಗೆ ಹೇಳಿದೆ, ಅವಳು ಭೂಪಟ ತೆಗೆದು ನೋಡುತ್ತಿದ್ದಾಳೆ. ರಾತ್ರಿ ಎಲ್ಲಿ ತಂಗುವುದು ಒಳ್ಳೆಯದು? ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದೆಯೆಂದು ಕೇಳಿದ್ದೇನೆ, ತಾಯಿಯವರನ್ನು ಅಲ್ಲಿಗೂ ಕರೆದೊಯ್ಯಬಹುದೇ?

ಚಿಕ್ಕಬಳ್ಳಾಪುರ ಪೇಟೆಯ ನಿವಾಸಿ

ಸರ್, ಬೆಟ್ಟದ ಮೇಲೆಯೇ ತಂಗುವ ಮನಸ್ಸಿದ್ದರೆ ಪ್ರವಾಸೋದ್ಯಮ ನಿಗಮದ ಮಯೂರ ಪೈನ್ ಟಾಪ್ ಇದೆ. ಮುಂಗಡವಾಗಿ ಕಾಯ್ದಿರಿಸದೆ ಬರಬೇಡಿ. ಹಿರಿಯರಿಗೆ ರಾತ್ರಿಯ ಚಳಿ ಮತ್ತು ಮಂಜು ಹಿತವಾಗದಿದ್ದರೆ ಚಿಕ್ಕಬಳ್ಳಾಪುರದಲ್ಲಿ ಉಳಿಯಿರಿ. ಆಸ್ಪತ್ರೆ, ಔಷಧದಂಗಡಿ, ಊಟದ ಹೋಟೆಲು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಗುಡಿಬಂಡೆಯಲ್ಲಿ ತಂಗುವ ಅನುಕೂಲ ಕಡಿಮೆ. ಊಟಕ್ಕೆ ಮುದ್ದೆ ಮತ್ತು ಬಸ್ಸಾರು ಇರುವ ಹೋಟೆಲನ್ನು ಕೇಳಿಕೊಂಡು ಹೋಗಿ. ನೀವು ಬರುವುದು ಸ್ವಲ್ಪ ಮುಂದಕ್ಕೆ ಹೋಗಿ ಮಾರ್ಗಶಿರವಾದರೆ ಅವರೆಕಾಯಿಯ ಸೊಗಡು ಬಂದಿರುತ್ತದೆ, ಆಗ ಹಿತಕಿದ ಬೇಳೆ ಸಾರನ್ನು ಉಣ್ಣದೆ ಹೋಗಬಾರದು.

ಕಂದವಾರ ಕೆರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ತ್ಯಾಜ್ಯನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ಕೊಳವೆಗಳ ಮೂಲಕ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯಿದೆ. ಎಚ್.ಎನ್. ವ್ಯಾಲಿ ಎಂದು ಕರೆಯುವುದು ಅದನ್ನೇ. ಕೋಲಾರದ ಕಡೆ ಇರುವ ಇಂಥದೇ ಯೋಜನೆ ಕೆ.ಸಿ. ವ್ಯಾಲಿ. ಕಂದವಾರ ಕೆರೆಗೆ ಬರುತ್ತಿರುವುದು ಈ ನೀರು. ಅಂತರ್ಜಲ ಮರುಪೂರಣಕ್ಕಾಗಿ ಕೆರೆ ತುಂಬಿಸುತ್ತಿರುವುದು. ಮೂರನೆಯ ಹಂತದ ಸಂಸ್ಕರಣೆಯೂ ಆಗಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಏರಿಯ ಮೇಲೆ ನಿಂತು ನೋಡಲು, ಸಂಜೆ ಗಾಳಿಗೆ ನಡೆದಾಡಲು ಅಡ್ಡಿಯಿಲ್ಲ. ನೀರಿಗಿಳಿಯುವುದು, ಪೂಜೆಗೆಂದು ಆ ನೀರನ್ನು ತೆಗೆದುಕೊಳ್ಳುವುದು ಬೇಡವೆಂದು ನನ್ನ ಸಲಹೆ. ತಾಯಿಯವರಿಗೆ ಮಳೆನೀರಿನ ಜಲಾಶಯವನ್ನೇ ತೋರಿಸಬೇಕೆಂದಿದ್ದರೆ ಜಕ್ಕಲಮಡುಗು ಇದೆ, ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರ ಪಟ್ಟಣಗಳಿಗೆ ಕುಡಿಯುವ ನೀರು ಬರುವುದು ಅಲ್ಲಿಂದ. ಸ್ಕಂದಗಿರಿಯ ಹತ್ತಿರದ ಶ್ರೀನಿವಾಸಸಾಗರವೂ ಸುಂದರವಾದ ಜಾಗ. ಆದರೆ ಕೋಡಿ ಬಿದ್ದ ಸುದ್ದಿ ಮೊಬೈಲಿನಲ್ಲಿ ಹರಡಿದೊಡನೆ ಇವೆರಡೂ ಕಡೆ ಜನಸಾಗರ ಸೇರುತ್ತದೆ, ಕಟ್ಟೆಯ ಮೇಲೆ ಕಾಲು ಜಾರುವ ಅಪಾಯವೂ ಇದೆ. ಕುಡಿಯುವ ನೀರಿನ ಜಲಾಶಯದಲ್ಲಿ ಸ್ನಾನ ಮಾಡುವವರನ್ನು ಕಂಡಾಗ ನಿಲ್ಲಿಸಿ ಹೇಳುವುದು ನಮ್ಮ ಕರ್ತವ್ಯವೆಂದು ನಾನು ಭಾವಿಸಿದ್ದೇನೆ.

ಇನ್ನೊಂದು ಮಾತು. ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆ 2023ರ ಜನವರಿಯಲ್ಲಿ ಲೋಕಾರ್ಪಣೆಯಾದ ಮೇಲೆ ರಜಾದಿನಗಳ ಸಂಜೆ ಆ ಕಡೆಯ ರಸ್ತೆಗಳಲ್ಲಿ ದಟ್ಟಣೆ ಹೆಚ್ಚಾಗಿದೆ. ಅದನ್ನು ನೋಡುವುದಾದರೆ ಸಮಯ ಬಿಡುವಾಗಿ ಇಟ್ಟುಕೊಳ್ಳಿ. ಮುದ್ದೇನಹಳ್ಳಿ ಮಾತ್ರ ಬಿಡಬೇಡಿ. ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರದು, ಅವರ ಸಮಾಧಿಯೂ ಅಲ್ಲಿಯೇ ಇದೆ. ನೀರಿನ ಲೆಕ್ಕವನ್ನು ಕಲಿಯುತ್ತಿರುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಬೆಂಗಳೂರಿನಲ್ಲಿರುವ ಬಾಗೇಪಲ್ಲಿಯ ಯುವಕ

ಹಿರಿಯರು ಕ್ಷಮಿಸಬೇಕು, ನನ್ನದೊಂದು ಆಕ್ಷೇಪವಿದೆ. ಗುಡಿಬಂಡೆಯಂಥ ಶಾಂತವಾದ ಊರನ್ನು ಹೀಗೆ ವಿವರವಾಗಿ ಪ್ರಚಾರ ಮಾಡಿದರೆ ಅದೂ ನಂದಿಯಂತಾಗುವುದಿಲ್ಲವೇ? ಈಗಾಗಲೇ ಕೋಟೆಯ ಗೋಡೆಗಳ ಮೇಲೆ ಹೆಸರು ಕೆತ್ತುವುದು, ದೊಣೆಗಳಿಗೆ ಪ್ಲಾಸ್ಟಿಕ್ ಎಸೆಯುವುದು ಆರಂಭವಾಗಿದೆ. ಕೆಲವು ಜಾಗಗಳನ್ನು ಸ್ಥಳೀಯರಿಗೇ ಬಿಟ್ಟುಬಿಡುವುದು ಉತ್ತಮವೆಂದು ನನಗೆ ಅನ್ನಿಸುತ್ತದೆ.

ಗುಡಿಬಂಡೆಯ ನಿವೃತ್ತ ಶಿಕ್ಷಕಿ

ನಿಮ್ಮ ಕಳಕಳಿ ನನ್ನದೂ ಹೌದು ಮಗೂ. ಆದರೂ ನಾನು ಒಪ್ಪುವುದಿಲ್ಲ. ಜನ ಬರುವುದನ್ನು ನಾವು ತಡೆಯಲಾರೆವು. ಭೂಪಟದ ಆಕಾರದ ಕೆರೆಯ ಚಿತ್ರ ಎಂದೋ ಎಲ್ಲ ಕಡೆ ಹರಡಿಯಾಗಿದೆ. ಆ ಚಿತ್ರವನ್ನು ಮಾತ್ರ ನೋಡಿ ಬರುವವರು ಅರ್ಧ ಗಂಟೆ ಇದ್ದು, ಕಸ ಬಿಟ್ಟು, ಊರಿನಲ್ಲಿ ಒಂದು ಲೋಟ ಚಹಾವನ್ನೂ ಕುಡಿಯದೆ ಹೋಗುತ್ತಾರೆ. ದೊಣೆಗಳೇಕೆ ಇವೆ, ತೂಬು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದು ಬರುವವರು ನಿಧಾನವಾಗಿ ನೋಡುತ್ತಾರೆ, ಊರಿನಲ್ಲಿ ಊಟ ಮಾಡುತ್ತಾರೆ, ಶೇಂಗಾವನ್ನೋ ಹುಣಸೆಹಣ್ಣನ್ನೋ ಕೊಂಡು ಹೋಗುತ್ತಾರೆ. ಚಿಕ್ಕ ತಾಲ್ಲೂಕು ನಮ್ಮದು, ಮಳೆಯನ್ನೇ ನಂಬಿದ ಬೇಸಾಯ, ಹುಡುಗರೆಲ್ಲ ಕೆಲಸ ಹುಡುಕಿಕೊಂಡು ನಿಮ್ಮ ಹಾಗೆ ಬೆಂಗಳೂರಿಗೆ ಹೋಗಿದ್ದಾರೆ. ಬರುವವರಿಂದ ಇಲ್ಲಿನ ನಾಲ್ಕು ಮನೆಗಳಿಗೆ ಆದಾಯವಾದರೆ ಕೋಟೆಯನ್ನು ಕಾಯುವವರೂ ಹುಟ್ಟಿಕೊಳ್ಳುತ್ತಾರೆ. ಗೋಡೆಯ ಮೇಲೆ ಕೆತ್ತುವವರನ್ನು ಕಂಡರೆ ನಾನು ಇಂದಿಗೂ ತರಗತಿಯಲ್ಲಿ ಗದರಿದಂತೆಯೇ ಗದರುತ್ತೇನೆ, ನೀವೂ ರಜೆಗೆ ಬಂದಾಗ ಗದರಿರಿ.

ಕೋಲಾರದ ಪಕ್ಷಿವೀಕ್ಷಕ

ನಂದಿಯ ಬಗ್ಗೆ ಒಂದು ಸಣ್ಣ ಸೇರ್ಪಡೆ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ವಲಸೆ ಬರುವ ಹಕ್ಕಿಗಳಿಗೆ ಬೆಟ್ಟದ ಮೇಲಿನ ದಟ್ಟ ಮರಗಳ ಗುಂಪು ಆಸರೆಯಾಗುತ್ತದೆ. ನೀಲಗಿರಿ ಕಾಡುಪಾರಿವಾಳವೂ ಇಲ್ಲಿ ಕಾಣಸಿಗುತ್ತದೆ; ಪಶ್ಚಿಮ ಘಟ್ಟದಿಂದ ಇಷ್ಟು ದೂರದಲ್ಲಿ ಅದು ಉಳಿದಿರುವುದು ಈ ಬೆಟ್ಟದ ದೊಡ್ಡ ವಿಶೇಷ. ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಹುಡುಕಿ. ಮರಗಳ ನಡುವೆ ಜೋರಾಗಿ ಹಾಡು ಹಾಕಬೇಡಿ. ದುರ್ಬೀನು ಇಲ್ಲದಿದ್ದರೂ ಒಂದೇ ಕಡೆ ಸುಮ್ಮನೆ ನಿಂತರೆ ಸಾಕು.

ಗೌರಿಬಿದನೂರಿನ ಪ್ರಯಾಣಿಕ

ತುಮಕೂರಿನವರು ಹಿಂತಿರುಗುವ ದಾರಿಯ ಬಗ್ಗೆ ಯಾರೂ ಹೇಳಿಲ್ಲ. ಗುಡಿಬಂಡೆಯಿಂದ ಮತ್ತೆ ಹೆದ್ದಾರಿಗೆ ಹೋಗಬೇಡಿ, ಗೌರಿಬಿದನೂರಿಗೆ ಬನ್ನಿ. ಅಲ್ಲಿಂದ ಹಿಂದೂಪುರದ ಕಡೆ ಸ್ವಲ್ಪ ದೂರ ಹೋದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗವದು. ಸ್ಮಾರಕವನ್ನೂ ಚಿತ್ರಶಾಲೆಯನ್ನೂ ಮಗಳಿಗೆ ತೋರಿಸಿ. ನೀವು ಹೇಳಿದ ಉತ್ತರ ಪಿನಾಕಿನಿ ಅದರ ಪಕ್ಕದಲ್ಲೇ ಇದೆ, ಆದರೆ ಮಳೆ ಬಿದ್ದ ವರ್ಷಗಳಲ್ಲಿ ಮಾತ್ರ ನೀರು ಕಾಣುತ್ತದೆ. ನಂತರ ಕೊರಟಗೆರೆಯ ಮೂಲಕ ಕತ್ತಲಾಗುವ ಮೊದಲೇ ಮನೆ ಸೇರಬಹುದು.

ತುಮಕೂರಿನ ಓದುಗ

ಎಲ್ಲರ ಮಾತುಗಳನ್ನೂ ತಂದೆಯವರಿಗೆ ಓದಿ ಹೇಳಿದೆ. ಮಂಗಳವಾರ ಹೊರಟು ಬುಧವಾರ ಮರಳುವುದೆಂದು ತೀರ್ಮಾನಿಸಿದ್ದೇವೆ. ಮೇಡಂ ಅವರಲ್ಲಿ ಕೊನೆಯ ಪ್ರಶ್ನೆ: ಮಗಳೂ ನಾನೂ ಬೆಟ್ಟ ಹತ್ತುವಾಗ ಹಿರಿಯರಿಬ್ಬರೂ ಏರಿಯ ಮೇಲೆ ಎಷ್ಟು ಹೊತ್ತು ಕುಳಿತಿರಬೇಕಾಗುತ್ತದೆ, ಅಲ್ಲಿ ನೆರಳಿದೆಯೇ?

ಗುಡಿಬಂಡೆಯ ನಿವೃತ್ತ ಶಿಕ್ಷಕಿ

ಹತ್ತಿ, ನೋಡಿ, ಇಳಿಯಲು ಎರಡರಿಂದ ಮೂರು ಗಂಟೆ ಇಟ್ಟುಕೊಳ್ಳಿ. ಏರಿಯ ಮೇಲೆ ಬೆಳಗಿನ ಹೊತ್ತು ಗಾಳಿ ಚೆನ್ನಾಗಿರುತ್ತದೆ, ಬಿಸಿಲೇರಿದ ಮೇಲೆ ಕುಳಿತಿರುವುದು ಕಷ್ಟ. ಆದ್ದರಿಂದ ಚಿಕ್ಕಬಳ್ಳಾಪುರದಿಂದ ನಸುಕಿನಲ್ಲೇ ಹೊರಟು, ಹೆದ್ದಾರಿಯಲ್ಲಿ ಪೆರೇಸಂದ್ರದವರೆಗೆ ಬಂದು, ಅಲ್ಲಿ ಎಡಕ್ಕೆ ತಿರುಗಿ ನಮ್ಮ ಊರಿಗೆ ಬನ್ನಿ. ತಂದೆಯವರಿಗೆ ಒಂದು ಮಡಿಸುವ ಕುರ್ಚಿ, ಇಬ್ಬರಿಗೂ ಕೊಡೆ ಮತ್ತು ಬಿಸಿನೀರಿನ ಫ್ಲಾಸ್ಕ್ ಇರಲಿ. ಬಿಸಿಲು ಹೆಚ್ಚಾದರೆ ಊರೊಳಗೆ ಬಂದು ಯಾವುದಾದರೂ ಗುಡಿಯ ಜಗಲಿಯ ಮೇಲೆ ಕುಳಿತುಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ. ಇಲ್ಲಿ ಹೆಚ್ಚಿನವರು ಮನೆಯಲ್ಲಿ ತೆಲುಗು ಮಾತನಾಡುತ್ತಾರೆ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ಮಗಳಿಗೆ ಹಿಡಿತ ಚೆನ್ನಾಗಿರುವ ಬೂಟು ಹಾಕಿಸಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಬಂಡೆ ಒಣಗುವವರೆಗೆ ನೀವೂ ಏರಿಯ ಮೇಲೆಯೇ ಕುಳಿತು, ಆಮೇಲೆ ಬೆಟ್ಟದ ಕಡೆ ಹೊರಡಿ.